ಬೆಂಗಳೂರಿನ ಮಾತಿನಲ್ಲಿ ಕಾಯಿಲೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ತಲೆನೋವು, ಹೊಟ್ಟೆ ಉರಿ, ಲಕ್ವ, ದೊಡ್ರೋಗ, ಬಿಪಿ, ಅಲರ್ಜಿ: ಇವೆಲ್ಲ ಬೆಂಗಳೂರಿನಲ್ಲಿ ಆಸ್ಪತ್ರೆಯಲ್ಲಿ ಎಷ್ಟು ಕೇಳಿಸುತ್ತವೋ ಬಸ್‌ಸ್ಟಾಪಿನಲ್ಲಿ, ಆಫೀಸಿನಲ್ಲಿ, ಅಡುಗೆಮನೆಯಲ್ಲಿ ಅಷ್ಟೇ ಕೇಳಿಸುತ್ತವೆ. ಬೇರೆ ಜಿಲ್ಲೆಗಳಿಂದ ಬಂದವರು, ಕನ್ನಡ ಕಲಿಸುವವರು, ಸಬ್‌ಟೈಟಲ್ ಬರೆಯುವವರು, ಕ್ಲಿನಿಕ್‌ನಲ್ಲಿ ಹೊಸದಾಗಿ ಕೂತ ವೈದ್ಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಒಂದು ಸೂತ್ರ ಎಲ್ಲ ಉತ್ತರಗಳಲ್ಲೂ ಬರುತ್ತದೆ, ಮೊದಲೇ ಹೇಳಿಬಿಡೋಣ: ಕಾಯಿಲೆಯ ಹೆಸರು ಬೈಗುಳವಾಗುತ್ತದೋ ಬರೀ ಮಾತಾಗಿ ಉಳಿಯುತ್ತದೋ ಅನ್ನುವುದು, ಅದನ್ನು ಯಾರ ಮೈಮೇಲೆ ಹೊರಿಸುತ್ತಿದ್ದೇವೆ ಅನ್ನುವುದರ ಮೇಲೆ ನಿಂತಿದೆ.

‘ತಲೆನೋವು’ ಅಂದಾಗ ನಿಜವಾದ ನೋವೋ ಕಿರಿಕಿರಿಯೋ ಅಂತ ತಿಳಿಯೋದು ಹೇಗೆ?

ವಾಕ್ಯದ ಕಟ್ಟು ನೋಡಿ. ‘ತಲೆ ನೋಯ್ತಿದೆ’ ಅಂದರೆ ಅದು ಮೈಯ ನೋವೇ. ‘ನಂಗೆ ತಲೆನೋವು’ ಅಂದರೂ ಬಹುಪಾಲು ಹಾಗೆಯೇ. ನಡುವೆ ‘ಒಂದು’ ಸೇರಿಕೊಂಡ ಕೂಡಲೇ ಅರ್ಥ ತಿರುಗುತ್ತದೆ: ‘ಈ ಪಾರ್ಕಿಂಗ್‌ದೊಂದು ತಲೆನೋವು’, ‘ಅವನೊಂದು ತಲೆನೋವು’. ‘ತಲೆನೋವಾಗಿಬಿಟ್ಟಿದೆ’, ‘ತಲೆನೋವು ತಂದಿಟ್ಟ’ ಅಂದಾಗಲೂ ಮಾತ್ರೆ ಹುಡುಕಬೇಕಾಗಿಲ್ಲ.

‘ತಲೆ ಕೆಡೋದು’ ಇದರ ನೆಂಟ, ಆದರೆ ಮುಖ ಮೂರು. ‘ನಿಂಗೇನ್ ತಲೆ ಕೆಟ್ಟಿದ್ಯಾ?’ ಬೈಗುಳ. ‘ನಂಗಂತೂ ತಲೆ ಕೆಟ್ಟೋಗಿದೆ’ ಬೇಸತ್ತವರ ಮಾತು. ‘ತಲೆ ಕೆಡಿಸ್ಕೋಬೇಡಿ’ ಸಮಾಧಾನ. ಇದನ್ನು ಹಿರಿಯರಿಗೂ, ಮೇಲಧಿಕಾರಿಗೂ ಧಾರಾಳವಾಗಿ ಹೇಳಬಹುದು.

ಹೊಟ್ಟೆಕಿಚ್ಚು, ಹೊಟ್ಟೆ ಉರಿ, ಹೊಟ್ಟೆ ಉರಿಸೋದು, ಉರ್ಕೊಳ್ಳೋದು ಎಲ್ಲ ಒಂದೇನಾ?

ಅಲ್ಲ. ‘ಹೊಟ್ಟೆಕಿಚ್ಚು’ ಅಸೂಯೆ ಮಾತ್ರ. ಡಾಕ್ಟರ ಮುಂದೆ ಕೂತು ಯಾರೂ ‘ನಂಗೆ ಹೊಟ್ಟೆಕಿಚ್ಚು’ ಅನ್ನುವುದಿಲ್ಲ. ‘ಹೊಟ್ಟೆ ಉರಿ’ಗೆ ಮಾತ್ರ ಮೂರು ಕೆಲಸ. ಖಾರ ತಿಂದ ಮೇಲೆ ‘ಹೊಟ್ಟೆ ಉರೀತಿದೆ’ ಅಂದರೆ ಆಮ್ಲ ಹೆಚ್ಚಾಗಿದೆ. ‘ಅವರು ಕಾರ್ ತಗೊಂಡ್ರೆ ನಿಂಗ್ಯಾಕೆ ಹೊಟ್ಟೆ ಉರಿ?’ ಅಂದರೆ ಅಸೂಯೆ. ಮದುವೆಮನೆಯಲ್ಲಿ ಎಲೆಯ ತುಂಬ ಬಿಟ್ಟೆದ್ದ ಅನ್ನ, ಮುಟ್ಟದ ಹೋಳಿಗೆ ನೋಡಿ ಅಜ್ಜಿಯೊಬ್ಬರು ‘ನೋಡಿದ್ರೆ ಹೊಟ್ಟೆ ಉರಿಯತ್ತೆ ಕಣಮ್ಮ’ ಅಂದರೆ ಅದು ಸಂಕಟ. ಅಲ್ಲಿ ಅಸೂಯೆಯ ಸೋಂಕೂ ಇಲ್ಲ. ಸಬ್‌ಟೈಟಲ್ ಬರೆಯುವವರು ಎಡವುವುದು ಈ ಮೂರನೆಯದರಲ್ಲಿ.

ಗುಟ್ಟು ಕ್ರಿಯಾಪದದ ಬಾಲದಲ್ಲಿದೆ. ‘ಕೊಳ್ಳು’ ಸೇರಿದರೆ ಅಸೂಯೆ: ‘ಹೊಟ್ಟೆ ಉರ್ಕೊಳ್ತಾನೆ’. ಹುಡುಗರ ಬಾಯಲ್ಲಿ ಹೊಟ್ಟೆಯೂ ಬಿದ್ದುಹೋಗಿ ಬರೀ ‘ಉರ್ಕೊಂಡ’ ಉಳಿದಿದೆ. ‘ಇಸು’ ಸೇರಿದರೆ ಕಾಟ: ‘ಬೆಳಗ್ಗೆ ಬೆಳಗ್ಗೇನೇ ಹೊಟ್ಟೆ ಉರಿಸ್ಬೇಡ, ಸ್ನಾನಕ್ಕೆ ಹೋಗು’. ಎರಡೂ ಇಲ್ಲದೆ ಬರೀ ‘ಉರಿಯುತ್ತೆ’ ಅಂದರೆ ಮೈಯ ನೋವೋ ಮನಸ್ಸಿನ ಸಂಕಟವೋ, ಸಂದರ್ಭವೇ ಹೇಳಬೇಕು. ‘ಪರ್ಚ್ಕೊಳ್ಳೋದು’ ಪಕ್ಕದ ಮನೆಯ ಮಾತು: ಏನೂ ಮಾಡಲಾಗದೆ ಒಳಗೊಳಗೇ ಕುದಿಯುವವರಿಗೆ ಹೇಳುವುದು.

‘ಹೊಟ್ಟೆ ಹುಣ್ಣಾಗೋ ಹಾಗೆ ನಕ್ವಿ’ ಅನ್ನುವುದನ್ನು ಈ ಗುಂಪಿಗೆ ಸೇರಿಸಬೇಡಿ. ಅದು ಸಂತೋಷದ ಮಾತು.

‘ಬರ್ನಾಲ್ ಹಚ್ಕೋ’ ಅಂದರೇನು?

ಸುಟ್ಟಗಾಯಕ್ಕೆ ಹಚ್ಚುವ ಹಳದಿ ಮುಲಾಮಿನ ಹೆಸರು. ಉರ್ಕೊಂಡವನಿಗೆ ‘ಉರಿ ಶಮನ ಮಾಡ್ಕೋ’ ಅಂತ ಕೆಣಕುವುದು. ಗೆಳೆಯರ ನಡುವೆ ನಡೆಯುತ್ತದೆ, ಆಫೀಸಿನ ಗುಂಪಿನಲ್ಲಿ ಬೇಡ. ಮಾತು ಬಂತೆಂದು ಹೇಳುತ್ತೇವೆ: ನಿಜವಾಗಿ ಕೈ ಸುಟ್ಟುಕೊಂಡರೆ ಯಾವ ಮುಲಾಮಿಗೂ ಮುಂಚೆ 20 ನಿಮಿಷ ನಲ್ಲಿಯ ಹರಿಯುವ ನೀರಿನಡಿ ಹಿಡಿಯಿರಿ. ಉಂಗುರ, ಬಳೆ ಇದ್ದರೆ ಊತ ಬರುವ ಮೊದಲೇ ತೆಗೆಯಿರಿ. ಐಸು, ಟೂತ್‌ಪೇಸ್ಟು, ಅರಿಶಿನ ಹಚ್ಚಬೇಡಿ.

ಒಂದಕ್ಕೆ ‘ಹಿಡಿದಿದೆ’, ಇನ್ನೊಂದಕ್ಕೆ ‘ಏರಿದೆ’, ಮತ್ತೊಂದಕ್ಕೆ ‘ಬಡಿದಿದೆ’. ಏಕೆ ಹೀಗೆ?

ಇಂಥ ಮಾತುಗಳಲ್ಲಿ ನಾಮಪದಕ್ಕಿಂತ ಕ್ರಿಯಾಪದವೇ ಹೆಚ್ಚು ಹೇಳುತ್ತದೆ. ಕಾಯಿಲೆ ಎಲ್ಲಿಂದ ಬಂತು, ಹೇಗೆ ಹೋದೀತು ಅನ್ನುವ ಹಳೆಯ ತಿಳಿವಳಿಕೆ ಅದರಲ್ಲಿ ಕೂತಿದೆ.

‘ಹಿಡಿ’ ಅಂದರೆ ಹೊರಗಿನಿಂದ ಬಂದು ಅಂಟಿಕೊಂಡದ್ದು: ಹುಚ್ಚು ಹಿಡಿ, ಗೀಳು ಹಿಡಿ, ರೋಗ ಹಿಡಿ. ಹಿಡಿದದ್ದನ್ನು ಬಿಡಿಸಬಹುದು. ಹಾಗಾಗಿಯೇ ‘ನಿನ್ ಹುಚ್ಚು ಬಿಡಿಸ್ತೀನಿ ಇರು’ ಅನ್ನುವುದು. ‘ಹುಚ್ಚು ಬಿಡದ ಹೊರತು ಮದುವೆ ಆಗದು, ಮದುವೆ ಆಗದ ಹೊರತು ಹುಚ್ಚು ಬಿಡದು’ ಅನ್ನುವ ಗಾದೆಯೂ ಈ ಜೋಡಿಯ ಮೇಲೇ ನಿಂತಿದೆ. ಒಂದು ಇನ್ನೊಂದಕ್ಕೆ ಕಾದು, ಎರಡೂ ಆಗದೆ ಉಳಿಯುವ ಕೆಲಸಕ್ಕೆ ಅದನ್ನು ಹೇಳುತ್ತಾರೆ: ಅನುಭವ ಇಲ್ಲದೆ ಕೆಲಸ ಸಿಗದು, ಕೆಲಸ ಸಿಗದೆ ಅನುಭವ ಬಾರದು.

‘ಬಡಿ’, ‘ಹೊಡಿ’ ಬಂದರೆ ಏಟು ಇದ್ದಕ್ಕಿದ್ದಂತೆ ಬಿದ್ದಿದೆ: ಗರ ಬಡಿ, ಲಕ್ವ ಹೊಡಿ. ‘ಗರ’ ಗ್ರಹದ ತದ್ಭವ. ‘ಗರ ಬಡಿದವರ ಹಾಗೆ ಕೂತಿದಾನೆ’ ಅಂದರೆ ಕರೆದರೂ ಓಗೊಡದೆ ಮಂಕಾಗಿದ್ದಾನೆ.

‘ಏರು’ ಕಾವಿನದು: ಜ್ವರ ಏರು, ಪಿತ್ತ ನೆತ್ತಿಗೇರು, ಬಿಪಿ ಏರು. ಏರಿದ್ದು ಇಳಿಯಬೇಕು. ಅದಕ್ಕೇ ಫಲಿತಾಂಶ ಬಂದ ಮರುದಿನ ಪತ್ರಿಕೆಗಳಲ್ಲಿ ಚುನಾವಣಾ ಜ್ವರ ‘ಇಳಿಯುತ್ತದೆ’, ‘ವಾಸಿಯಾಗುವುದಿಲ್ಲ’. ಹೊಸದಾಗಿ ಕಲಿತವರು ‘ಹುಚ್ಚು ಏರಿದೆ’, ‘ಪಿತ್ತ ಬಡಿದಿದೆ’ ಅಂತ ಕ್ರಿಯಾಪದ ಅದಲುಬದಲು ಮಾಡಿದರೆ ಅರ್ಥವೇನೋ ತಿಳಿಯುತ್ತದೆ, ಕಿವಿಗೆ ಮಾತ್ರ ತೊಡರುತ್ತದೆ.

‘ಚಳಿ ಬಿಡಿಸು’, ‘ಬೆವರಿಳಿಸು’ ಅಂದರೆ ತರಾಟೆಗೆ ತೆಗೆದುಕೊಳ್ಳುವುದು. ಎರಡೂ ಬೆಂಗಳೂರಿನ ಸುದ್ದಿವಾಹಿನಿಗಳ ದಿನನಿತ್ಯದ ಮಾತು, ‘ಅಧಿಕಾರಿಗಳ ಚಳಿ ಬಿಡಿಸಿದ ಸಚಿವರು’ ಅಂತ. ಮಲೇರಿಯಾದ ಜ್ವರ ಮೂರು ಹಂತದಲ್ಲಿ ಬರುತ್ತದೆ: ಮೊದಲು ನಡುಕ, ಆಮೇಲೆ ಸುಡುವ ಮೈ, ಕೊನೆಗೆ ಬೆವರು. ಆ ಸಾಲಿನಲ್ಲಿ ಇಟ್ಟು ನೋಡಿದರೆ ಈ ಎರಡು ಮಾತುಗಳಿಗೆ ಒಳ್ಳೆಯ ಜಾಗ ಸಿಗುತ್ತದೆ.

‘ಪಿತ್ತ ನೆತ್ತಿಗೇರಿದೆ’ಗೂ ‘ಬಿಪಿ ಏರಿಸ್ಬೇಡ’ಕ್ಕೂ ಏನು ವ್ಯತ್ಯಾಸ?

ಮೊದಲನೆಯದು ಇನ್ನೊಬ್ಬರ ಸೊಕ್ಕಿನ ಮೇಲೆ ಕೊಡುವ ತೀರ್ಪು, ಎರಡನೆಯದು ತನ್ನ ಸಿಟ್ಟಿನ ಬಗ್ಗೆ ಕೊಡುವ ಎಚ್ಚರಿಕೆ. ಪಿತ್ತ ಆಯುರ್ವೇದದ ವಾತ, ಪಿತ್ತ, ಕಫಗಳಿಂದ ಬಂತು, ಬಿಪಿ ಕ್ಲಿನಿಕ್‌ನಿಂದ ಬಂತು.

ಬಿಪಿಯ ಮಾತಿನಿಂದ ಒಂದು ತಪ್ಪು ತಿಳಿವಳಿಕೆ ಬೆಳೆದಿದೆ: ‘ನಂಗೆ ಕೋಪಾನೇ ಬರಲ್ಲ, ಬಿಪಿ ಎಲ್ಲಿಂದ ಬರತ್ತೆ?’ ಸಿಟ್ಟಿನಲ್ಲಿ ರಕ್ತದೊತ್ತಡ ಸ್ವಲ್ಪ ಹೊತ್ತು ಏರುವುದು ನಿಜ. ಆದರೆ ಕಾಯಿಲೆ ಅನ್ನುವುದು ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಮೇಲೆ ನಿಲ್ಲುವುದಕ್ಕೆ. ಬಹಳ ಮಂದಿಗೆ ಅದರ ಯಾವ ಲಕ್ಷಣವೂ ಗೊತ್ತಾಗುವುದಿಲ್ಲ. ಶಾಂತ ಸ್ವಭಾವದವರೂ ಅಳೆಸಿಕೊಳ್ಳಬೇಕು.

‘ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ’ ಅನ್ನೋದು ನಿಜವೇ?

ಪೂರ್ವಗ್ರಹದ ಬಗ್ಗೆ ಹೇಳುವಾಗ ಸರಿ, ಕಾಯಿಲೆಯ ಬಗ್ಗೆ ಅಲ್ಲ. ಹಳದಿ ಕಾಣುವುದು ನೋಡುವವರಿಗೆ. ರೋಗಿಗೆ ಬಣ್ಣಗಳು ಸಾಮಾನ್ಯವಾಗಿ ಎಂದಿನಂತೆಯೇ ಕಾಣುತ್ತವೆ. ರಕ್ತದಲ್ಲಿ ಬಿಲಿರುಬಿನ್ ಅನ್ನುವ ಹಳದಿ ವಸ್ತು ಡೆಸಿಲೀಟರ್‌ಗೆ ಸುಮಾರು 2.5ರಿಂದ 3 ಮಿಲಿಗ್ರಾಂ ದಾಟಿದಾಗ ಕಣ್ಣಿನ ಬಿಳಿಭಾಗ ಹಳದಿಗೆ ತಿರುಗುತ್ತದೆ. ಅನುಮಾನವಿದ್ದರೆ ಹಗಲು ಬೆಳಕಿನಲ್ಲಿ ನೋಡಿ. ಹಳದಿ ಬಲ್ಬಿನಡಿ ತಪ್ಪಿಹೋಗುತ್ತದೆ.

‘ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ’ ಯಾವಾಗ ಬಳಸಬೇಕು?

ತಪ್ಪು ಒಬ್ಬರದು, ಶಿಕ್ಷೆ ಇನ್ನೊಬ್ಬರಿಗೆ ಆದಾಗ. ಬರೆ ಅಂದರೆ ಕಾದ ಕಬ್ಬಿಣದಿಂದ ಚರ್ಮದ ಮೇಲೆ ಎಳೆಯುವ ಗೆರೆ. ದನಗಳಿಗೆ, ಎಷ್ಟೋ ಕಡೆ ಮಕ್ಕಳಿಗೂ ಕಾಮಾಲೆಗೆ, ಹೊಟ್ಟೆನೋವಿಗೆ ಅಂತ ಹಾಕುತ್ತಿದ್ದ ನಾಟಿ ಚಿಕಿತ್ಸೆ ಅದು. ಮೇಲಿನ ಮಹಡಿಯವರು ನಲ್ಲಿ ತೆರೆದಿಟ್ಟು ಸಂಪು ಬರಿದಾಯಿತು, ಅಸೋಸಿಯೇಷನ್‌ನವರು ಕೆಳಗಿನ ಮನೆಯವರ ಮೋಟಾರ್ ಬಂದ್ ಮಾಡಿದರು: ಗಾದೆಗೆ ಇದು ಸರಿಯಾದ ಜಾಗ.

‘ಗಾಯದ ಮೇಲೆ ಬರೆ’ ಬೇರೆ. ಅಲ್ಲಿ ಎರಡೂ ಏಟು ಒಬ್ಬರಿಗೇ. ಇವೆರಡನ್ನೂ ಕಲಸಬೇಡಿ. ‘ನೆಗಡಿ ಬಂತೂಂತ ಮೂಗು ಕೊಯ್ಕೋತಾರಾ?’ ಅನ್ನುವುದು ಸಣ್ಣ ತೊಂದರೆಗೆ ಅತಿಯಾದ ಪರಿಹಾರ ಹುಡುಕಿದವರಿಗೆ.

‘ದೊಡ್ರೋಗ ಬರ’ ಅಂತ ಬೈತಾರೆ. ಯಾವ ರೋಗ ಅದು? ‘ಬರ’ ಅಂದರೆ ಬರಗಾಲವೇ?

‘ಬರ’ ಇಲ್ಲಿ ‘ಬರಲಿ’ ಎಂದು. ಹಳೇ ಮೈಸೂರಿನ ಶಾಪಗಳಿಗೆಲ್ಲ ಇದೇ ಕೊನೆ: ಬರ, ಹೋಗ, ಬಡಿಯ. ‘ಹೋಗ’ ಅಂದರೆ ಹೋಗಲಿ, ‘ಬಡಿಯ’ ಅಂದರೆ ಬಡಿಯಲಿ. ನಿಷೇಧವೆಂದು ತಿಳಿದರೆ ಅರ್ಥ ತಲೆಕೆಳಗಾಗುತ್ತದೆ.

ಇಂದು ಬಳಸುವವರ ಮನಸ್ಸಿನಲ್ಲಿ ‘ದೊಡ್ರೋಗ’ಕ್ಕೆ ನಿರ್ದಿಷ್ಟ ರೋಗವಿಲ್ಲ. ಹಳೆಯ ಬಳಕೆಯಲ್ಲಿ ಕುಷ್ಠಕ್ಕೆ ‘ಮಹಾರೋಗ’ ಎನ್ನುತ್ತಿದ್ದರು. ಆ ಭಯವೇ ಈ ‘ದೊಡ್ಡ’ದರಲ್ಲೂ ಇದೆ. ಶಾಪಕ್ಕಿಂತ ಹೆಚ್ಚಾಗಿ ಈಗ ಪ್ರಶ್ನೆಯಾಗಿ ಕೇಳಿಸುತ್ತದೆ: ‘ಏನ್ ದೊಡ್ರೋಗ ಬಂದಿರೋದು ನಿಂಗೆ, ಕುಡಿದ ಲೋಟ ತೊಳೆದಿಡೋಕೆ?’ ಇಲ್ಲಿ ಅರ್ಥ ಸೋಮಾರಿತನ, ಅಷ್ಟೇ. ಮನೆಯವರು ಮನೆಯವರಿಗೆ ಹೇಳುವ ಮಾತಿದು. ಹೊರಗಿನವರು ಬಾಯಿ ಹಾಕಿದರೆ ಜಗಳ.

ಹಿರಿಯರ ಬಾಯಲ್ಲಿ ‘ವಾಂತಿಭೇದಿ ಬಂದು ಹೋಗ’, ‘ಪ್ಲೇಗು ಬಡಿಯ’ ಅನ್ನುವ ರೂಪಗಳೂ ಇವೆ. ಇವು ಬಾಯಿಗೆ ಬಂದ ಮಾತಲ್ಲ, ಊರು ಕಂಡ ಸಾವು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಇಕ್ಕಟ್ಟಿನ ಪೇಟೆ ಬಿಟ್ಟು ಬಸವನಗುಡಿ, ಮಲ್ಲೇಶ್ವರದ ಹೊಸ ಬಡಾವಣೆಗಳಿಗೆ ನಡೆದರು. ಪ್ಲೇಗಮ್ಮನ ಗುಡಿಗಳು ಊರಿನಲ್ಲಿ ಈಗಲೂ ಇವೆ. ಮಾರಿ, ಪಿಡುಗು ಅನ್ನುವ ಪದಗಳೂ ಸಾಂಕ್ರಾಮಿಕದ ಭಯದಿಂದಲೇ ಬಲ ಪಡೆದವು. ಪತ್ರಿಕೆಯಲ್ಲಿ ‘ವರದಕ್ಷಿಣೆ ಪಿಡುಗು’ ಅಂತ ಓದುವಾಗ ಈಗ ಯಾರಿಗೂ ರೋಗ ನೆನಪಾಗುವುದಿಲ್ಲ.

‘ಮೇಲಿನ ಮನೇಲಿ ಅಮ್ಮ ಆಗಿದೆ’ ಅಂದರು. ಏನರ್ಥ?

ಅಲ್ಲಿ ಯಾರಿಗೋ ಚಿಕನ್‌ಪಾಕ್ಸ್ ಆಗಿದೆ. ಇಲ್ಲಿ ದಾರಿ ಉಲ್ಟಾ: ಕಾಯಿಲೆಗೇ ಇನ್ನೊಂದು ಹೆಸರು. ಸಿಡುಬನ್ನು ದೇವಿ ಬಂದಳೆಂದು ಕಾಣುತ್ತಿದ್ದ ಕಾಲದ ಮಾತು ಇದು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ನಿರ್ಮೂಲವಾಯಿತೆಂದು ಘೋಷಿಸಿದ ಮೇಲೆ ‘ಅಮ್ಮ’ ಚಿಕನ್‌ಪಾಕ್ಸಿಗೆ ಉಳಿಯಿತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರೆ ಸುಳಿವು ಸಿಕ್ಕಂತೆ. ಗುಳ್ಳೆ ಏಳುವ ಒಂದೆರಡು ದಿನ ಮೊದಲಿನಿಂದ ಎಲ್ಲ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟುವವರೆಗೆ ಅದು ಅಂಟುತ್ತದೆ. ಬಸುರಿಯರು, ಎಳೆಕೂಸುಗಳು ದೂರವಿರಲಿ. ಆ ಮನೆಯವರ ಮುಂದೆ ‘ಅಮ್ಮ’ನನ್ನು ತಮಾಷೆ ಮಾಡಬೇಡಿ, ಅದು ಅವರಿಗೆ ಭಕ್ತಿಯ ಮಾತು.

‘ಕೈಗೇನ್ ಲಕ್ವ ಹೊಡೆದಿದ್ಯಾ?’, ‘ಫಿಟ್ಸ್ ಬಂದೋರ ಥರ ಕುಣೀತಾನೆ’, ‘ಟಿಬಿ ಪೇಶೆಂಟ್ ಥರ ಇದೀಯ’: ಇವು ಸರಿಯೇ?

ಬಿಡುವುದು ಒಳ್ಳೆಯದು ಅನ್ನುವುದು ನಮ್ಮ ಖಚಿತ ಅಭಿಪ್ರಾಯ. ‘ನಂಗೆ ತಲೆನೋವಾಗಿದೆ’ ಅನ್ನುವಾಗ ಕಾಯಿಲೆ ಹೇಳುವವರ ಮೈಯಲ್ಲಿದೆ. ಈ ಮೂರರಲ್ಲಿ ಅದನ್ನು ಎದುರಿನವರ ಮೇಲೆ ಎಸೆಯುತ್ತೇವೆ. ಏಟು ಅಲ್ಲಿಗೂ ನಿಲ್ಲುವುದಿಲ್ಲ, ಪಕ್ಕದಲ್ಲಿ ಆ ಕಾಯಿಲೆ ನಿಜವಾಗಿ ಇರುವವರು ಸುಮ್ಮನೆ ಕೂತು ಕೇಳಿಸಿಕೊಳ್ಳುತ್ತಿರುತ್ತಾರೆ.

ಲಕ್ವ ಪಾರ್ಶ್ವವಾಯು. ಬಾಯಿ ಒಂದು ಕಡೆಗೆ ಸೊಟ್ಟಗಾಗುವುದು, ಎರಡೂ ಕೈ ಎತ್ತಿದಾಗ ಒಂದು ಕೆಳಗೆ ಜಾರುವುದು, ಮಾತು ತೊದಲುವುದು: ಈ ಮೂರರಲ್ಲಿ ಒಂದು ಕಂಡರೂ ಕಾಯಬಾರದು. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಮೊದಲ ಲಕ್ಷಣದಿಂದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಷ್ಟು ಹೊತ್ತಿಗೆ ಶುರುವಾಯಿತೆಂದು ಬರೆದಿಟ್ಟುಕೊಂಡು 108ಕ್ಕೆ ಕರೆ ಮಾಡಿ.

ಫಿಟ್ಸ್ ವಿಷಯದಲ್ಲಿ ಮಾತಿಗಿಂತ ನಂಬಿಕೆಯೇ ಹೆಚ್ಚು ಕೆಡುಕು ಮಾಡಿದೆ. ಕೈಗೆ ಕಬ್ಬಿಣ, ಬೀಗದ ಕೈ ಗೊಂಚಲು ಕೊಡುವುದರಿಂದ ಏನೂ ಆಗುವುದಿಲ್ಲ. ಹಾಗೇ ಬಿಟ್ಟರೂ ಹೆಚ್ಚಿನ ಫಿಟ್ಸ್ ಕೆಲವೇ ನಿಮಿಷದಲ್ಲಿ ತಾನಾಗಿ ನಿಲ್ಲುತ್ತವೆ, ಆ ನಿಲುಗಡೆಯ ಶ್ರೇಯಸ್ಸು ಕಬ್ಬಿಣಕ್ಕೆ ಹೋಗಿದೆ. ಸುತ್ತಲಿನ ಚೂಪಾದ ವಸ್ತು ಸರಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡಿ. ಬಾಯೊಳಗೆ ಚಮಚ, ಬೆರಳು, ನೀರು ಏನನ್ನೂ ಹಾಕಬೇಡಿ. 5 ನಿಮಿಷ ದಾಟಿದರೆ ಆಂಬುಲೆನ್ಸ್.

ತೆಳ್ಳಗಿರುವವರನ್ನು ‘ಟಿಬಿ ಪೇಶೆಂಟ್’ ಅನ್ನುವುದರಿಂದ ಕ್ಷಯವಿರುವವರು ಅದನ್ನು ಮುಚ್ಚಿಡುವುದನ್ನು ಕಲಿಯುತ್ತಾರೆ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಬೇಕು, ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

‘ನಿಮ್ಹಾನ್ಸ್‌ಗೆ ಸೇರಿಸ್ಬೇಕು ನಿನ್ನ’ ಅನ್ನೋದು ಬೆಂಗಳೂರಲ್ಲಿ ಮಾತ್ರವೇ?

ಆಸ್ಪತ್ರೆಯ ಹೆಸರು ಮಾತ್ರ ಬೆಂಗಳೂರಿನದು, ಚಾಳಿ ಎಲ್ಲ ಊರಿನದು. ಉತ್ತರ ಕರ್ನಾಟಕದವರು ಧಾರವಾಡದ ಹೆಸರೆತ್ತುತ್ತಾರೆ, ಚೆನ್ನೈಯವರು ಕೀಳ್ಪಾಕ್ಕಂ, ಹೈದರಾಬಾದಿನವರು ಎರ್ರಗಡ್ಡ, ಹಿಂದಿಯವರು ಆಗ್ರಾ, ರಾಂಚಿ.

ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರಾಯಿತು. 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಜೊತೆ ಅದು 1974ರಲ್ಲಿ ಸೇರಿ ನಿಮ್ಹಾನ್ಸ್, ಅಂದರೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಆಯಿತು. ಹೆಸರಿನ ಅರ್ಧ ನರವಿಜ್ಞಾನ. ಹೊಸೂರು ರಸ್ತೆಯ ಆ ಗೇಟಿನೊಳಗೆ ಹೋಗುವವರಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರು, ಮೂರ್ಛೆರೋಗದವರು, ಮಿದುಳಿನ ಗೆಡ್ಡೆಯವರು, ಪಾರ್ಶ್ವವಾಯುವಿನವರು ಇದ್ದಾರೆ. ಹೆಸರನ್ನೇ ಬೈಗುಳ ಮಾಡಿದ್ದರಿಂದ ಎಷ್ಟೋ ಮನೆಗಳಲ್ಲಿ ‘ಅಲ್ಲಿಗೆ ಬೇಡ, ಜನ ಏನಂದಾರು’ ಎಂದು ಚಿಕಿತ್ಸೆ ತಡವಾಗುತ್ತದೆ. ಈ ಒಂದು ಮಾತನ್ನು ಬೆಂಗಳೂರಿನವರು ಬಿಟ್ಟರೆ ಬಹಳ ಉಪಕಾರ. ಮನಸ್ಸಿಗೆ ಕಷ್ಟವಾದಾಗ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಹಾಗಾದರೆ ‘ಹುಚ್ಚು’ ಅನ್ನೋದನ್ನೇ ಬಿಡಬೇಕಾ? ‘ಸಿನಿಮಾ ಹುಚ್ಚು’ ಅನ್ನಬಾರದಾ?

ಅನ್ನಿ. ಸಿನಿಮಾ ಹುಚ್ಚು, ಓದೋ ಹುಚ್ಚು, ಹುಚ್ಚು ಮಳೆ, ಹುಚ್ಚು ಪ್ರೀತಿ ಇವೆಲ್ಲ ಅತಿಯಾದ ಒಲವಿಗೆ, ರಭಸಕ್ಕೆ ಹೇಳುವ ಮಾತುಗಳು. ಒಬ್ಬ ಮನುಷ್ಯನನ್ನೇ ‘ಹುಚ್ಚ’, ‘ಮೆಂಟ್ಲು’, ‘ಸೈಕೋ’ ಅಂತ ಕರೆದಾಗ ಕಥೆ ಬೇರೆ. ‘ಲೂಸು’, ‘ತಿಕ್ಲು’ ಗೆಳೆಯರ ನಡುವೆ ಹಗುರವಾಗಿ ಓಡಾಡುತ್ತವೆ. ಆದರೂ ಮಕ್ಕಳ ಶಾಲೆಯಲ್ಲಿ, ಕೆಲಸದ ಜಾಗದಲ್ಲಿ ಅವು ಹಗುರವಾಗಿ ಬೀಳುವುದಿಲ್ಲ.

ಐಟಿ ಕಂಪನಿಗಳ ‘ನಂಗೆ ಸ್ವಲ್ಪ ಓಸಿಡಿ’ ಬಗ್ಗೆಯೂ ಕೇಳುತ್ತಾರೆ. ಡೆಸ್ಕು ನೀಟಾಗಿಡುವುದು ಶಿಸ್ತು. ಬೀಗ ಹಾಕಿದೆನೋ ಇಲ್ಲವೋ ಎಂದು ಬೇಡವೆಂದರೂ ಮತ್ತೆ ಮತ್ತೆ ಹಿಂತಿರುಗಿ ನೋಡಬೇಕಾಗಿ, ದಿನಕ್ಕೆ ಗಂಟೆಗಟ್ಟಲೆ ಅದರಲ್ಲೇ ಹೋಗಿ ಬದುಕು ಹಿಂಡುವುದು ಓಸಿಡಿ. ‘ನಂಗೆಲ್ಲ ಒಪ್ಪವಾಗಿರಬೇಕು’ ಅಂದರೆ ಸಾಕಲ್ಲ.

‘ತೀಟೆ’ ಎಲ್ಲೆಲ್ಲಿ ಬಳಸಬಹುದು?

ಮೂಲದಲ್ಲಿ ತುರಿಕೆ, ನವೆ. ಮಕ್ಕಳಿಗೆ ‘ತೀಟೆ ಮಾಡ್ಬೇಡ’ ಅಂದರೆ ತುಂಟಾಟ ಬೇಡ, ಮುದ್ದಿನ ಮಾತು. ‘ಬಾಯಿ ತೀಟೆಗೆ ಮಾತಾಡ್ತಾನೆ’ ಅಂದರೆ ಸುಮ್ಮನಿರಲಾರದೆ ಆಡುವುದು. ‘ತೀಟೆ ತೀರಿಸ್ಕೊಳ್ಳೋದು’ ಮಾತ್ರ ಅಶ್ಲೀಲ. ಕಲಿಯುವವರು ಅದನ್ನು ಮುಟ್ಟಬೇಡಿ.

‘ಗ್ಯಾಸ್ಟ್ರಿಕ್’ ಕೂಡ ಆಡುಮಾತೇ?

ಆಗಿಬಿಟ್ಟಿದೆ, ಅದೇ ಆತಂಕ. ಬೆಂಗಳೂರಿನಲ್ಲಿ ಎದೆಯಿಂದ ಹೊಕ್ಕುಳವರೆಗೆ ಏನೇ ಆದರೂ ‘ಗ್ಯಾಸ್ಟ್ರಿಕ್ ಇರ್ಬೇಕು’ ಎಂದು ಸೋಡಾ ಕುಡಿದು ಮಲಗುತ್ತಾರೆ. ಎದೆ ಹಿಂಡಿದಂತಾಗಿ ಬೆವರು, ಉಸಿರಿನ ಕಷ್ಟ, ಎಡಗೈಗೋ ದವಡೆಗೋ ಹರಡುವ ನೋವು ಇದ್ದರೆ ತಡಮಾಡದೆ ಇಸಿಜಿ ಮಾಡಿಸಬೇಕು. ಸಕ್ಕರೆ ಕಾಯಿಲೆಯವರಲ್ಲಿ ನೋವು ಅಷ್ಟಾಗಿ ಗೊತ್ತಾಗದೆಯೂ ಹೃದಯಾಘಾತ ಆಗಬಹುದು. ಹೊಸ ವೈದ್ಯರಿಗೆ ಒಂದು ಕಿವಿಮಾತು: ರೋಗಿ ‘ಗ್ಯಾಸ್ಟ್ರಿಕ್’ ಅಂದರೆ ಅದನ್ನೇ ಬರೆದುಕೊಳ್ಳದೆ ‘ಎಲ್ಲಿ ಅಂತ ಕೈಯಿಟ್ಟು ತೋರಿಸಿ’ ಅನ್ನಿ.

ಡೋಸ್, ಅಲರ್ಜಿ, ಮೇಜರ್ ಸರ್ಜರಿ?

‘ಬಾಸ್ ಡೋಸ್ ಕೊಟ್ರು’ ಅಂದರೆ ಬೈದರು. ‘ಅವನ್ನ ಕಂಡ್ರೆ ಅಲರ್ಜಿ’ ಅಂದರೆ ಆಗುವುದಿಲ್ಲ. ‘ಪೊಲೀಸ್ ಇಲಾಖೆಗೆ ಮೇಜರ್ ಸರ್ಜರಿ’ ಅಂದರೆ ಒಟ್ಟಿಗೆ ಬಹಳ ವರ್ಗಾವಣೆ. ಮೂರೂ ನಿರಪಾಯ.

ಸುದ್ದಿ, ಜಾಹೀರಾತು ಬರೆಯುವವರು ಯಾವುದನ್ನು ಬದಲಿಸಬೇಕು? ಕಾನೂನಿನ ತೊಡಕು ಇದೆಯೇ?

‘ಆಡಳಿತಕ್ಕೆ ಲಕ್ವ’ ಬದಲು ‘ಆಡಳಿತ ಸ್ಥಗಿತ’. ‘ಕುರುಡು ಸರ್ಕಾರ’ ಬದಲು ‘ಕಂಡೂ ಕಾಣದ ಸರ್ಕಾರ’; ದೋಷ ಕಣ್ಣಿನದಲ್ಲ, ಮನಸ್ಸಿನದು ಅನ್ನುವುದೂ ಇದರಲ್ಲೇ ಸ್ಪಷ್ಟವಾಗುತ್ತದೆ. ‘ಕುಂಟು ನೆಪ’ಕ್ಕೆ ‘ಹುರುಳಿಲ್ಲದ ನೆಪ’. ‘ಭ್ರಷ್ಟಾಚಾರದ ಕ್ಯಾನ್ಸರ್’ಗೆ ‘ಗೆದ್ದಲು’ ಸಾಕು. ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರೂ ಆ ಪತ್ರಿಕೆ ಓದುತ್ತಾರೆ.

ಕಾನೂನಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಕಲಂ ಪ್ರಕಾರ ಅಂಗವೈಕಲ್ಯವಿರುವ ವ್ಯಕ್ತಿಯನ್ನು ಸಾರ್ವಜನಿಕರ ಕಣ್ಣೆದುರು, ಅವಮಾನಿಸಬೇಕೆಂದೇ ನಿಂದಿಸಿದರೆ 6 ತಿಂಗಳಿಂದ 5 ವರ್ಷದವರೆಗೆ ಸಜೆ, ದಂಡ. ಮಾನಸಿಕ ಕಾಯಿಲೆ, ಕುಷ್ಠದಿಂದ ಗುಣವಾದವರ ಸ್ಥಿತಿ ಎರಡೂ ಆ ಕಾಯ್ದೆಯ ಪಟ್ಟಿಯಲ್ಲಿವೆ.

ಬೆಂಗಳೂರಿನ ಈ ಮಾತುಗಳು ಹುಬ್ಬಳ್ಳಿ, ಕಲಬುರಗಿ ಕಡೆಯವರಿಗೆ ತಿಳಿಯುತ್ತವೆಯೇ?

ಹೆಚ್ಚಿನವು ತಿಳಿಯುತ್ತವೆ, ಕೆಲವು ದಾರಿ ತಪ್ಪಿಸುತ್ತವೆ. ಬೆಂಗಳೂರಿನ ‘ಹುಷಾರಿಲ್ಲ’ ಅಲ್ಲಿ ‘ಆರಾಮಿಲ್ಲ’. ಅಲ್ಲಿ ‘ಹುಷಾರ್ ಅದಾನ’ ಅಂದರೆ ಚುರುಕಾಗಿದ್ದಾನೆ. ಅಲ್ಲಿಯವರ ‘ಜಡ್ಡು’ ಕಾಯಿಲೆ. ಇಲ್ಲಿ ‘ಜಡ್ಡುಗಟ್ಟಿದ ಆಡಳಿತ’ ಅಂದರೆ ಚಲನೆಯಿಲ್ಲದೆ ಮೊಂಡಾದದ್ದು. ಬೀದರ್‌ನಿಂದ ಬಂದ ಸಹೋದ್ಯೋಗಿ ‘ನಮ್ಮವ್ವಗ ಜಡ್ಡಾಗ್ಯದ’ ಅಂತ ರಜೆ ಕೇಳಿದರೆ ಅವರ ತಾಯಿಗೆ ಹುಷಾರಿಲ್ಲ, ಕೂಡಲೇ ರಜೆ ಕೊಡಿ.